ಡೈಮ್ಲರ್ ಆರ್ಮರ್ಡ್ ಕಾರಿನ ಬಣ್ಣ ಒಣಗುತ್ತಲೇ ಇಲ್ಲ, ಬರೀ ಅಂಟು. ಗೊತ್ತಿದ್ದವರು ಹೇಳಿ

ಕಾಫಿಕಣ (ಮಾದಾಪುರ)

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ. ಟೇಬಲ್ ಮೇಲೆ 28 ಮಿ.ಮೀ. ಗೊಂಬೆ ಸೈನಿಕರನ್ನು ಇಟ್ಟು ಆಡುವ ಯುದ್ಧದ ಆಟಕ್ಕೆ ಒಂದು ಡೈಮ್ಲರ್ ಮಾದರಿ ಮಾಡುತ್ತಿದ್ದೇನೆ. ಎರಡನೇ ಮಹಾಯುದ್ಧದ ಬ್ರಿಟಿಷ್ ಕಾರು ಅದು. ಸೆಪ್ಟೆಂಬರ್ 3ಕ್ಕೆ ನಮ್ಮ ಕೊಡಗಿನ ಆಯುಧ ಹಬ್ಬ ಕೈಲ್‌ಪೋದ್. ಅವತ್ತು ನೆಂಟರೆಲ್ಲ ಮನೆಗೆ ಬರುತ್ತಾರೆ. ಊಟ ಆದ ಮೇಲೆ ಬರ್ಮಾ ಆಟ, 1945ರ ಮೈಕ್ಟೀಲಾ ಕದನ. ಕಾಲಾಳುಗಳು ತಯಾರಿದ್ದಾರೆ, ಜಪಾನಿ ಬಂಕರ್ ತಯಾರಿದೆ. ಕಾರ್ ಮಾತ್ರ ಹಠ ಹಿಡಿದು ಕೂತಿದೆ.

ಹಲ್, ಅಂದರೆ ಗಾಡಿಯ ಒಡಲು, ಅದರ ಕೆಳಭಾಗದಲ್ಲಿ ಬಣ್ಣ ಒಣಗುವುದೇ ಇಲ್ಲ. ಬೆರಳು ಇಟ್ಟರೆ ಬೆರಳಚ್ಚು ಬೀಳುತ್ತದೆ. ಉಗುರು ತಾಗಿದರೆ ಸಿಪ್ಪೆ ಥರ ಎದ್ದು ಬರುತ್ತದೆ. ಪೂರ್ತಿ ತೆಗೆದು, ತೊಳೆದು, ಮತ್ತೆ ಪ್ರೈಮರ್ ಹೊಡೆದು ಬಣ್ಣ ಹಾಕಿದೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಕಥೆ. ಮೇಲಿನ ಟರೆಟ್ (ತೋಪು ಇರುವ ತಿರುಗುವ ಗೋಪುರ) ಚೆನ್ನಾಗಿಯೇ ಒಣಗಿತ್ತು. ಮ್ಯಾಟ್ ವಾರ್ನಿಶ್ ಹೊಡೆದ ಮೇಲೆ ಅದರ ಮೇಲೆ ಬೂದಿ ಚೆಲ್ಲಿದ ಹಾಗೆ ಬೆಳ್ಳಗಾಯಿತು.

ಯಾವ ಪ್ರೈಮರ್ ತಗೊಂಡರೆ ಸರಿಹೋಗುತ್ತದೆ ಅಂತ ಹೇಳಿ ಸಾಕು. ಬೇರೆ ಏನೂ ಬೇಡ.

ಸಂಪಾಜೆ_ಘಾಟಿ

ಮಾರಾಯ್ರೆ, ಪ್ರೈಮರ್‌ದು ಏನೂ ತಪ್ಪಿಲ್ಲ. ಕಕ್ಕಡದ ಮಳೆಯಲ್ಲಿ ಸ್ಪ್ರೇ ಮಾಡಿದರೆ ಹೀಗೇ ಆಗುವುದು. ಡಬ್ಬಿಯಿಂದ ಹೊರಗೆ ಬಂದ ದ್ರಾವಕ ಬೇಗ ಆರುತ್ತದೆ ಅಲ್ವಾ, ಆರುವಾಗ ಬಣ್ಣದ ಮೈಯನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ನೀರಿನ ಪಸೆ ತುಂಬಿದ್ದರೆ ಆ ತಣ್ಣನೆ ಮೈ ಮೇಲೆ ಬಂದು ಕೂರುತ್ತದೆ. ಬಣ್ಣದ ಪದರದ ಒಳಗೇ ಸಿಕ್ಕಿಬೀಳುತ್ತದೆ. ಬಿಳಿ ಬರುವುದು ಅದಕ್ಕೇ. ಅಂಟಾಗುವುದೂ ಅದಕ್ಕೇ.

ಮಳೆ ಬಿಟ್ಟ ದಿನ ಮಧ್ಯಾಹ್ನ ಹೊಡೆಯಿರಿ. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಚೆನ್ನಾಗಿ ಅಲ್ಲಾಡಿಸಿ. ಬಿಸಿ ನೀರು ಬೇಡವೇ ಬೇಡ. ಒಲೆ ಹತ್ತಿರ ಅಂತೂ ಸ್ಪ್ರೇ ಡಬ್ಬಿ ತಗೊಂಡು ಹೋಗಬೇಡಿ, ಅದರ ಗ್ಯಾಸಿಗೆ ಬೆಂಕಿ ಹತ್ತುತ್ತದೆ.

ಕುಶಾಲನಗರ_ಕಮಾಂಡರ್

ಸಂಪಾಜೆಯವರು ಹೇಳಿದ್ದು ಸರಿ. ಮಾದಾಪುರದಲ್ಲಿ ಈ ತಿಂಗಳು ಬಟ್ಟೆಯೇ ಒಣಗುವುದಿಲ್ಲ, ಬಣ್ಣ ಎಲ್ಲಿಂದ ಒಣಗಬೇಕು? ನಮ್ಮ ಕುಶಾಲನಗರದ ಕಡೆ ಮಳೆ ಎಷ್ಟೋ ಕಡಿಮೆ. ಕಾರನ್ನು ಇಲ್ಲಿಗೆ ತಗೊಂಡು ಬನ್ನಿ, ಒಂದೇ ದಿನದಲ್ಲಿ ಮುಗಿಸೋಣ.

ನಾನು ಈ ವರ್ಷ ಕೆಲಸದ ಕೋಣೆಗೆ ಡಿಹ್ಯೂಮಿಡಿಫೈಯರ್ ಹಾಕಿಸಿದ್ದೇನೆ. ತೇವಾಂಶ 50ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಪಕ್ಕದಲ್ಲಿ ಸ್ಪ್ರೇ ಬೂತ್, ಅದರ ಫ್ಯಾನ್ ಗಾಳಿ ಕಿಟಕಿಯಿಂದ ಹೊರಗೆ ಹೋಗುತ್ತದೆ. ಏರ್‌ಬ್ರಶ್ ಕಂಪ್ರೆಸರಿಗೆ ನೀರು ಹಿಡಿಯುವ ಟ್ರ್ಯಾಪ್ ಇದೆ. ಎರಡು ಶರ್ಮನ್ ಟ್ಯಾಂಕ್, ಒಂದು ಲೀ ಟ್ಯಾಂಕ್, ನಾಲ್ಕು ಜೀಪ್ ಈ ಮಳೆಯಲ್ಲೇ ಬಣ್ಣ ಆದವು. ಫೋಟೊ ಹಾಕಿದ್ದೇನೆ, ನೋಡಿ.

ಕಾಫಿಕಣ

ಶರ್ಮನ್ ಚೆನ್ನಾಗಿವೆ ಅಣ್ಣ. ಆದರೆ ನನ್ನ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗಲಿಲ್ಲ. ಅದೇ ದಿನ, ಅದೇ ಡಬ್ಬಿಯಿಂದ, ಅದೇ ಜಗಲಿಯಲ್ಲಿ ಹತ್ತು ಜನ ಗೂರ್ಖಾ ಸೈನಿಕರಿಗೂ ಪ್ರೈಮರ್ ಹೊಡೆದಿದ್ದೇನೆ. ಅವರೆಲ್ಲ ಒಣಗಿ ಬೇಸ್ ಮೇಲೆ ನಿಂತಿದ್ದಾರೆ. ಮಳೆಯೇ ಕಾರಣ ಆಗಿದ್ದರೆ ಅವರಿಗೂ ಆಗಬೇಕಿತ್ತು ಅಲ್ವಾ?

ಸಂಪಾಜೆ_ಘಾಟಿ

ಸೈನಿಕರು ಚಿಕ್ಕವರು, ಬಣ್ಣದ ಪದರ ತೆಳು. ಕಾರಿನದ್ದು ಅಗಲವಾದ ಮೈ, ಅಲ್ಲಿ ದಪ್ಪಗೆ ಬಿದ್ದಿರುತ್ತದೆ. ದಪ್ಪ ಪದರ ಮೇಲಿನಿಂದ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಇದರಲ್ಲಿ ಅನುಮಾನವೇ ಬೇಡ. ಘಾಟಿಯ ಮಂಜಿನಲ್ಲಿ ಕೂತು ಬಣ್ಣ ಹಾಕುವವನು ನಾನು. ಈ ಬಿಳಿ ನನಗೆ ಚೆನ್ನಾಗಿ ಪರಿಚಯ.

ಬ್ರಶ್_ಮಾವ (ಸೋಮವಾರಪೇಟೆ)

ಸ್ಪ್ರೇಯನ್ನೇ ಬಿಟ್ಟುಬಿಡಿ. ಅಕ್ರಿಲಿಕ್ ಪ್ರೈಮರನ್ನು ಬ್ರಶ್‌ನಿಂದ ತೆಳ್ಳಗೆ ಎರಡು ಸಲ ಹಚ್ಚಿ. ಮಳೆ ಇರಲಿ, ಬಿಸಿಲಿರಲಿ, ಒಣಗಿಯೇ ಒಣಗುತ್ತದೆ. ಚಪ್ಪಟೆ ಮೈಗೆ ಅಗಲದ ಮೆತ್ತನೆ ಬ್ರಶ್ ಇದ್ದರೆ ಗೆರೆಯೂ ಬೀಳುವುದಿಲ್ಲ.

ಕುಶಾಲನಗರ_ಕಮಾಂಡರ್

ಬೀಳುತ್ತದೆ. ಆರ್ಮರ್ಡ್ ಕಾರಿನಂಥ ಚಪ್ಪಟೆ ತಗಡಿನ ಮೇಲೆ ಎಷ್ಟು ಹುಷಾರಾಗಿ ಹಚ್ಚಿದರೂ ಗೆರೆ ಕಾಣುತ್ತದೆ. ಏರ್‌ಬ್ರಶ್ ಹೊಡೆದ ಮೈ ಬೇರೆಯೇ.

ಬ್ರಶ್_ಮಾವ

ನಿಜವಾದ ಯುದ್ಧದಲ್ಲೂ ಎಷ್ಟೋ ಗಾಡಿಗಳಿಗೆ ಬ್ರಶ್‌ನಲ್ಲೇ ಬಣ್ಣ ಬಳಿದರು. ಗೆರೆ ಕಂಡರೆ ಅದೂ ಸರಿಯೇ. ಮೂರಡಿ ದೂರದಿಂದ ಟೇಬಲ್ ನೋಡುವಾಗ ಯಾರಿಗೂ ಕಾಣುವುದಿಲ್ಲ.

ಕುಶಾಲನಗರ_ಕಮಾಂಡರ್

28 ಮಿ.ಮೀ.ನಲ್ಲಿ ಕಾಣುವ ಗೆರೆಯನ್ನು ನಿಜವಾದ ಗಾಡಿಯ ಅಳತೆಗೆ ಹಿಗ್ಗಿಸಿ ನೋಡಿ ಮಾವ. ಒಂದೊಂದೂ ಬೆರಳು ದಪ್ಪ ಆಗುತ್ತದೆ. ಅಂಥ ಗೆರೆ ಇರುವ ಗಾಡಿ ಯಾವ ಫೋಟೊದಲ್ಲೂ ನಾನು ಕಂಡಿಲ್ಲ.

ರೆಸಿನ್_ರಾಣಿ (ವಿರಾಜಪೇಟೆ)

ಬ್ರಶ್ ವಿಷಯ ಆಮೇಲೆ ಮಾತಾಡೋಣ. ಕಾಫಿಕಣ ಅಣ್ಣ, ಕಾರ್ ಯಾವುದರಲ್ಲಿ ಮಾಡಿದ್ದು? ಪ್ಲಾಸ್ಟಿಕ್ ಕಿಟ್ಟಾ, ಲೋಹವಾ, ಎರಕದ ರೆಸಿನ್ನಾ, 3ಡಿ ಪ್ರಿಂಟ್ ಮಾಡಿದ್ದಾ? ಕೆಳಭಾಗ ಅಂದರೆ ಸರಿಯಾಗಿ ಎಲ್ಲಿ? ಪ್ರತಿ ಸಲವೂ ಅಂಟು ಅದೇ ಜಾಗದಲ್ಲೇ ಬರುತ್ತದಾ? ಮೂಗಿನ ಹತ್ತಿರ ಹಿಡಿದರೆ ಘಾಟು ವಾಸನೆ ಇದೆಯಾ?

ಕಾಫಿಕಣ

ಪ್ರಿಂಟೇ ಅಕ್ಕ. ಇಲ್ಲಿ ಡೈಮ್ಲರ್ ಕಿಟ್ ಎಲ್ಲಿ ಸಿಗುತ್ತದೆ? ಮೈಸೂರಿನಲ್ಲಿ ಒಬ್ಬರು ಪ್ರಿಂಟ್ ಮಾಡಿಕೊಟ್ಟರು. ಬೂದು ರೆಸಿನ್. ಹಲ್ ಒಂದೇ ತುಂಡು, ಟರೆಟ್ ಬೇರೆ, ಚಕ್ರಗಳು ಬೇರೆ. ಸೈನಿಕರು ಪ್ಲಾಸ್ಟಿಕ್.

ಅಂಟು ಇರುವುದು ಎಡಗಡೆ ಹಿಂದಿನ ಚಕ್ರದ ಮೇಲೆ, ಮತ್ತೆ ಪಕ್ಕದ ತಗಡು ಅಡಿಯನ್ನು ಸೇರುವ ಅಂಚಿನಲ್ಲಿ. ಹೌದು, ಪ್ರತಿ ಸಲ ಅಲ್ಲೇ. ವಾಸನೆ ಇದೆ. ಬಣ್ಣದ್ದು ಅಂದುಕೊಂಡಿದ್ದೆ. ಫೋಟೊ ಹಾಕಿದ್ದೇನೆ.

ಡೈಮ್ಲರ್_ಪ್ರೇಮಿ (ಮಡಿಕೇರಿ)

ಫೋಟೊ ನೋಡಿದೆ. ಅಂಟಿನ ವಿಷಯ ರಾಣಿ ಅಕ್ಕ ನೋಡಿಕೊಳ್ಳಲಿ. ನನಗೆ ಕಂಡದ್ದು ಎರಡು.

ಮೊದಲನೆಯದು, ತೋಪಿನ ಮೂತಿಯಲ್ಲಿ ಉದ್ದನೆ ಲಿಟಲ್‌ಜಾನ್ ಅಡಾಪ್ಟರ್ ಇದೆ. ಅದು 2 ಪೌಂಡರ್ ತೋಪಿನ ಗುಂಡನ್ನು ಹಿಂಡಿ ವೇಗ ಹೆಚ್ಚಿಸುವ ಸಾಧನ. ಟ್ಯಾಂಕಿನ ತಗಡು ತೂರುವುದಕ್ಕೆ ಒಳ್ಳೆಯದು. ಆದರೆ ಅದು ಇರುವಾಗ ಸಿಡಿಯುವ ಗುಂಡು ಹಾರಿಸಲು ಆಗುವುದಿಲ್ಲ. ನಿಮ್ಮ ಮೈಕ್ಟೀಲಾ ಆಟದಲ್ಲಿ ಎದುರಿಗೆ ಇರುವುದು ಬಂಕರ್. ಅಡಾಪ್ಟರ್ ಕತ್ತರಿಸಿ ಬರೀ ನಳಿಕೆ ಉಳಿಸಿ. ಈ ಅಡಾಪ್ಟರ್ ಇರುವ ಡೈಮ್ಲರ್ ಯುರೋಪಿನ ಆಟಕ್ಕೆ ಸರಿ.

ಎರಡನೆಯದು ಅಳತೆ. ಹಲ್‌ನ ಉದ್ದ ಎಷ್ಟಿದೆ? ನಿಜವಾದ ಡೈಮ್ಲರ್ ಸುಮಾರು 4 ಮೀಟರ್ ಉದ್ದ, 2.46 ಮೀಟರ್ ಅಗಲ, 2.26 ಮೀಟರ್ ಎತ್ತರ. 28 ಮಿ.ಮೀ. ಸೈನಿಕರಿಗೆ ಹೊಂದುವ 1/56 ಅಳತೆಗೆ ಇಳಿಸಿದರೆ ಉದ್ದ 71 ಮಿ.ಮೀ., ಅಗಲ 44, ಎತ್ತರ 40. ನಿಮ್ಮದು ಗೂರ್ಖಾಗಳ ಪಕ್ಕದಲ್ಲಿ ಜಾಸ್ತಿಯೇ ದೊಡ್ಡದಾಗಿ ಕಾಣುತ್ತದೆ.

ಕಾಫಿಕಣ

ಅಳೆದೆ. 77 ಬರುತ್ತದೆ.

ಡೈಮ್ಲರ್_ಪ್ರೇಮಿ

ಹಾಗಾದರೆ ಅದು 1/52. ಅತ್ತ 1/56 ಅಲ್ಲ, ಇತ್ತ 1/48 ಅಲ್ಲ. ಪ್ರಿಂಟ್ ಮಾಡಿದವರು ಅಂದಾಜಿನ ಮೇಲೆ ಹಿಗ್ಗಿಸಿದ್ದಾರೆ. ಇದನ್ನು ನಾನಾದರೆ ವಾಪಸ್ ಕೊಡುತ್ತಿದ್ದೆ.

ಗೋಣಿಕೊಪ್ಪ_28

ವಾಪಸ್ ಕೊಡುವಂಥದ್ದು ಏನಿದೆ? 28 ಮಿ.ಮೀ. ಸೈನಿಕರೇ ದಪ್ಪ ಕೈಕಾಲು, ದೊಡ್ಡ ತಲೆ. ಬೇಸ್ ಮೇಲೆ ನಿಂತಾಗ ಇನ್ನೂ ಎರಡು ಮೂರು ಮಿ.ಮೀ. ಎತ್ತರ. ಅವರ ಪಕ್ಕದಲ್ಲಿ ಸರಿಯಾದ 1/56 ಗಾಡಿ ಮಕ್ಕಳ ಆಟಿಕೆ ಥರ ಕಾಣುತ್ತದೆ. ನಾನು ಲಾರಿ, ಜೀಪ್ ಎಲ್ಲ 1/48ರಲ್ಲೇ ಇಟ್ಟಿದ್ದೇನೆ. ಕಣ್ಣಿಗೆ ಅದೇ ಹಿತ.

ಡೈಮ್ಲರ್_ಪ್ರೇಮಿ

1/48ಕ್ಕೆ ಹೋದರೆ ಡೈಮ್ಲರ್ 83 ಮಿ.ಮೀ. ಆಗುತ್ತದೆ. ಪಕ್ಕದಲ್ಲಿ 1/56 ಶರ್ಮನ್ ನಿಂತರೆ ಕಾರು ಟ್ಯಾಂಕಿಗೆ ಹೆಗಲು ಕೊಡುತ್ತದೆ. ಇದು ಸಣ್ಣ ಗಾಡಿ. ಅಡಗಿಕೊಂಡು ಹೋಗಿ, ನೋಡಿಕೊಂಡು ಬರುವುದಕ್ಕೆ ಅಂತಲೇ ಮಾಡಿದ್ದು. ಆ ಸಣ್ಣತನ ಟೇಬಲ್ ಮೇಲೆ ಕಾಣದಿದ್ದರೆ ಡೈಮ್ಲರ್ ಇಟ್ಟು ಏನು ಪ್ರಯೋಜನ? ಮೂರು ಜನ ಸಿಬ್ಬಂದಿ, ತಗಡು ಅತಿ ದಪ್ಪ ಇರುವಲ್ಲಿ 16 ಮಿ.ಮೀ. ಅಷ್ಟೇ. ಒಳ್ಳೆಯ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ಓಡುತ್ತದೆ. ಹಿಂದೆ ಕಮಾಂಡರಿಗೆ ಇನ್ನೊಂದು ಸ್ಟಿಯರಿಂಗ್ ಚಕ್ರ ಇದೆ. ಅಪಾಯ ಕಂಡರೆ ತಿರುಗಿಸುವ ಗೋಜಿಲ್ಲ, ಹಿಮ್ಮುಖವಾಗಿಯೇ ಓಡುತ್ತದೆ. ಹಿಂದಕ್ಕೂ ಐದು ಗೇರ್. ಇಂಥ ಯೋಚನೆ 1941ರಲ್ಲಿ ಬಂದಿತ್ತು ಅಂದರೆ ಈಗಲೂ ನನಗೆ ಮೈ ಜುಂ ಅನ್ನುತ್ತದೆ.

ನಿವೃತ್ತ_ಸುಬೇದಾರ್

ಆರ್ಮರ್ಡ್ ಕಾರಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮೈಕ್ಟೀಲಾದಲ್ಲಿ 255ನೇ ಇಂಡಿಯನ್ ಟ್ಯಾಂಕ್ ಬ್ರಿಗೇಡ್ ಜೊತೆ ಆರ್ಮರ್ಡ್ ಕಾರ್ ಹೊತ್ತು ಹೋದದ್ದು 16ನೇ ಲೈಟ್ ಕ್ಯಾವಲ್ರಿ. ಬರ್ಮಾದಲ್ಲಿ ಆ ರೆಜಿಮೆಂಟಿನ ಕಮಾಂಡರ್ ಜೆ.ಎನ್. ಚೌಧುರಿ. ಮುಂದೆ ಭೂಸೇನೆಯ ಮುಖ್ಯಸ್ಥರಾದವರು. ಕಾರಿನ ಮೇಲೆ ಗುರುತು ಬರೆಯುವಾಗ ಇದು ನೆನಪಿರಲಿ. ಯಾವುದೋ ಯುರೋಪಿನ ರೆಜಿಮೆಂಟಿನ ಚಿಹ್ನೆ ಅಂಟಿಸಬೇಡಿ.

ಗೋಣಿಕೊಪ್ಪ_28

ಧನ್ಯವಾದ ಸರ್. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಕಾಶ್ಮೀರದ ಜೋಜಿ ಲಾ ಕಣಿವೆದಾರಿಯಲ್ಲಿ ಆರ್ಮರ್ಡ್ ಕಾರ್ ಹತ್ತಿಸಿದರಲ್ಲ, ಅವೂ ಡೈಮ್ಲರೇ ಅಲ್ವಾ? ಅದನ್ನೂ ಒಂದು ಆಟ ಮಾಡಬೇಕು ಅಂತ ಆಸೆ.

ನಿವೃತ್ತ_ಸುಬೇದಾರ್

ಅಲ್ಲ. ಜೋಜಿ ಲಾಕ್ಕೆ ಹೋದದ್ದು ಟ್ಯಾಂಕು. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು, 1948ರ ನವೆಂಬರ್ 1. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತದೆ ಅಂತ ಎದುರಾಳಿ ಕನಸಲ್ಲೂ ಎಣಿಸಿರಲಿಲ್ಲ. ಆರ್ಮರ್ಡ್ ಕಾರ್ ಕೆಲಸ ಮಾಡಿದ್ದು ಅದಕ್ಕೂ ಒಂದು ವರ್ಷ ಮೊದಲು, ಶ್ರೀನಗರದ ಹೊರಗೆ ಶಾಲ್‌ಟೆಂಗ್‌ನಲ್ಲಿ, 1947ರ ನವೆಂಬರ್ 7. ಅದೂ 7ನೇ ಲೈಟ್ ಕ್ಯಾವಲ್ರಿಯೇ. ಕಾರುಗಳು ಸುತ್ತು ಹಾಕಿ ದಾಳಿಕೋರರ ಬೆನ್ನಿಗೆ ಬಂದವು. ಎರಡನ್ನೂ ಕಲಸಬೇಡಿ.

ಗೋಣಿಕೊಪ್ಪ_28

ಟ್ಯಾಂಕ್ ಆದರೂ ಆರ್ಮರ್ಡ್ ಗಾಡಿಯೇ ಅಲ್ವಾ ಸರ್. ಹೇಳಿದ್ದು ಅದೇ ಅರ್ಥದಲ್ಲಿ.

ನಿವೃತ್ತ_ಸುಬೇದಾರ್

ಆರ್ಮರ್ಡ್ ಕಾರಿಗೆ ಚಕ್ರ, ಟ್ಯಾಂಕಿಗೆ ಟ್ರ್ಯಾಕ್. ಹಿಮದ ಏರಿನಲ್ಲಿ ಅದೇ ದೊಡ್ಡ ವ್ಯತ್ಯಾಸ. ತಿಮ್ಮಯ್ಯನವರು ಸ್ಟುವರ್ಟ್ ಬೇಕೆಂದದ್ದಕ್ಕೆ ಕಾರಣವೂ ಅದರಲ್ಲೇ ಇದೆ. ಮಡಿಕೇರಿಯ ಸನ್ನಿಸೈಡ್ ಈಗ ಅವರ ಹೆಸರಿನ ಮ್ಯೂಸಿಯಂ. ಮಕ್ಕಳನ್ನೂ ಕರೆದುಕೊಂಡು ಹೋಗಿ ಒಮ್ಮೆ ನೋಡಿ ಬನ್ನಿ.

ರೆಸಿನ್_ರಾಣಿ

ಕಾಫಿಕಣ ಅಣ್ಣ, ಇನ್ನೂ ಇದ್ದೀರಾ? ಹಲ್ ಒಳಗೆ ಟೊಳ್ಳಾ, ಗಟ್ಟಿಯಾ? ಅಡಿಯಲ್ಲಿ ಎಲ್ಲಾದರೂ ಚಿಕ್ಕ ತೂತು ಇದೆಯಾ?

ಕಾಫಿಕಣ

ಇದ್ದೇನೆ ಅಕ್ಕ. ತೂತು ಇಲ್ಲ. ಅಡಿ ಪೂರ್ತಿ ಮುಚ್ಚಿದೆ, ನುಣ್ಣಗಿದೆ. ಒಳಗೆ ಟೊಳ್ಳೋ ಗಟ್ಟಿಯೋ ಹೇಗೆ ತಿಳಿಯುವುದು? ಕೈಯಲ್ಲಿ ಹಿಡಿದರೆ ಭಾರವೇ ಇದೆ.

ಸಂಪಾಜೆ_ಘಾಟಿ

ತೂತಿಗೂ ಬಣ್ಣಕ್ಕೂ ಏನು ಸಂಬಂಧ? ನಾನು ಹೇಳಿದ್ದು ಮಾಡಿ ನೋಡಿ ಮೊದಲು. ನಾಳೆ ಸ್ವಲ್ಪ ಬಿಸಿಲು ಬರಬಹುದು.

ರೆಸಿನ್_ರಾಣಿ

ಸಂಬಂಧ ಇದೆ, ಹೇಳುತ್ತೇನೆ. ರೆಸಿನ್ ಉಳಿಸುವುದಕ್ಕೆ ಹಲ್‌ನಂಥ ದೊಡ್ಡ ತುಂಡನ್ನು ಟೊಳ್ಳಾಗಿ ಪ್ರಿಂಟ್ ಮಾಡುತ್ತಾರೆ. ಪ್ರಿಂಟ್ ಆಗುವಾಗ ಆ ಟೊಳ್ಳಿನೊಳಗೆ ದ್ರವ ರೆಸಿನ್ ತುಂಬಿಕೊಂಡೇ ಇರುತ್ತದೆ. ಅದು ಹೊರಗೆ ಹರಿದು ಹೋಗಲು ತೂತು ಬಿಡಬೇಕು. ಬಿಡದಿದ್ದರೆ ಒಳಗೇ ಉಳಿಯುತ್ತದೆ. ಯುವಿ ಬೆಳಕು ಬೂದು ಬಣ್ಣದ ಗೋಡೆ ದಾಟಿ ಒಳಗೆ ಹೋಗುವುದಿಲ್ಲ. ಹೊರಮೈ ಕಲ್ಲಿನ ಹಾಗೆ ಗಟ್ಟಿ, ಒಳಗೆ ಹಸಿ. ಕಾಲ ಕಳೆದ ಹಾಗೆ ಗೋಡೆ ಸ್ವಲ್ಪ ಕುಗ್ಗುತ್ತದೆ, ಕೂದಲೆಳೆಯಂಥ ಬಿರುಕು ಬಿಡುತ್ತದೆ, ಅಲ್ಲಿಂದ ಹಸಿ ರೆಸಿನ್ ಜಿನುಗುತ್ತದೆ. ಬಣ್ಣದ ಅಡಿಗೆ ಅದು ಬಂದರೆ ಯಾವ ಪ್ರೈಮರೂ ಹಿಡಿಯುವುದಿಲ್ಲ. ಎಷ್ಟು ಸಲ ತೆಗೆದು ಬಳಿದರೂ ಅದೇ ಜಾಗ, ಅದೇ ಅಂಟು.

ತೂಕ ನೋಡಿ. ಟರೆಟ್, ಚಕ್ರ ತೆಗೆದು ಬರೀ ಹಲ್. ನನ್ನ ಹತ್ತಿರ ಡೈಮ್ಲರಿನ ಫೈಲ್ ಇದೆ. 77 ಮಿ.ಮೀ.ಗೆ ಹಿಗ್ಗಿಸಿ ಸ್ಲೈಸರ್‌ನಲ್ಲಿ (ಪ್ರಿಂಟಿಗೆ ಫೈಲ್ ತಯಾರು ಮಾಡುವ ಸಾಫ್ಟ್‌ವೇರ್) ನೋಡಿದೆ. 2 ಮಿ.ಮೀ. ಗೋಡೆ ಇಟ್ಟರೆ 18 ಮಿ.ಲೀ. ರೆಸಿನ್, ಪೂರ್ತಿ ಗಟ್ಟಿ ಮಾಡಿದರೆ 38 ಮಿ.ಲೀ. ಗಟ್ಟಿಯಾದ ರೆಸಿನ್ ಒಂದು ಮಿ.ಲೀ.ಗೆ 1.1ರಿಂದ 1.2 ಗ್ರಾಂ ತೂಗುತ್ತದೆ. ಅಂದರೆ ಖಾಲಿ ಹಲ್ 20ರಿಂದ 22 ಗ್ರಾಂ, ಗಟ್ಟಿ ಹಲ್ 42ರ ಮೇಲೆ. ನಿಮ್ಮದು ಎಷ್ಟು?

ಕಾಫಿಕಣ

ಏಲಕ್ಕಿ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ ಇದೆ. ಅದರಲ್ಲಿ ಇಟ್ಟೆ. 31 ಗ್ರಾಂ.

ರೆಸಿನ್_ರಾಣಿ

ಬಣ್ಣ, ಪ್ರೈಮರ್ ಎಲ್ಲ ಸೇರಿ ಹೆಚ್ಚೆಂದರೆ ಒಂದೆರಡು ಗ್ರಾಂ. ಖಾಲಿ ಆಗಿದ್ದರೆ 24 ದಾಟಬಾರದು. ಗಟ್ಟಿ ಆಗಿದ್ದರೆ 42ಕ್ಕಿಂತ ಕಡಿಮೆ ಇರಬಾರದು. 31 ಅಂದರೆ ಟೊಳ್ಳು, ಒಳಗೆ ದ್ರವ ನಿಂತಿದೆ. ಗೋಡೆ ಸ್ವಲ್ಪ ದಪ್ಪ ಇಟ್ಟಿರಬಹುದು ಅಂತ ಬೇಕಾದರೂ ಹೇಳಬಹುದು. ಆದರೆ ಒಂದೇ ಜಾಗದ ಅಂಟು, ವಾಸನೆ, ತೂತಿಲ್ಲದ ಅಡಿ, ಈ ತೂಕ, ನಾಲ್ಕೂ ಒಂದೇ ಕಡೆ ಬೆರಳು ತೋರಿಸುತ್ತವೆ.

ಸಂಪಾಜೆ_ಘಾಟಿ

ಟರೆಟ್ ಬೆಳ್ಳಗಾದದ್ದಕ್ಕೆ ಏನು ಹೇಳುತ್ತೀರಿ ಅಕ್ಕ? ಅದರೊಳಗೂ ರೆಸಿನ್ ನಿಂತಿದೆಯಾ?

ರೆಸಿನ್_ರಾಣಿ

ಇಲ್ಲ. ಟರೆಟ್ ಚಿಕ್ಕದು, ಅದನ್ನು ಸಾಮಾನ್ಯವಾಗಿ ಗಟ್ಟಿಯಾಗಿಯೇ ಪ್ರಿಂಟ್ ಮಾಡುತ್ತಾರೆ. ಬಿಳಿ ಬಂದದ್ದು ವಾರ್ನಿಶ್ ಹೊಡೆದ ಮೇಲೆ. ಅದು ನೀವು ಹೇಳಿದ ತೇವದ್ದೇ. ಎರಡು ಬೇರೆ ಬೇರೆ ತೊಂದರೆ ಒಂದೇ ಕಾರಿಗೆ ಬಂದಿವೆ. ಟರೆಟ್ ಮಳೆಯದ್ದು, ಹಲ್ ಪ್ರಿಂಟಿನದ್ದು. ಹಲ್ ಅನ್ನು ಕುಶಾಲನಗರಕ್ಕೆ ತಗೊಂಡು ಹೋದರೂ ಅದು ಜಿನುಗುತ್ತಲೇ ಇರುತ್ತದೆ.

ಸಂಪಾಜೆ_ಘಾಟಿ

ಟರೆಟ್ ಮಟ್ಟಿಗೆ ಮಳೆ ಅಂತ ಒಪ್ಪಿದಿರಲ್ಲ, ಸರಿ. ಕಾಫಿಕಣರೇ, ಟರೆಟ್‌ಗೆ ಒಂದು ಉಪಾಯ. ಬಿಳಿ ತೆಗೆಯುವುದಕ್ಕೆ ಬಣ್ಣ ಕೆರೆಯಬೇಡಿ. ಹೊಳಪಿನ (ಗ್ಲಾಸಿ) ವಾರ್ನಿಶ್ ಅನ್ನು ಬ್ರಶ್‌ನಿಂದ ತೆಳ್ಳಗೆ ಹಚ್ಚಿ. ಮಂಜು ಎಷ್ಟೋ ಸಲ ಮಾಯ ಆಗುತ್ತದೆ. ಅದು ಪೂರ್ತಿ ಒಣಗಿದ ಮೇಲೆ ಮ್ಯಾಟ್ ವಾರ್ನಿಶ್, ಅದನ್ನೂ ಬ್ರಶ್‌ನಲ್ಲೇ. ಸ್ಪ್ರೇ ಈಗ ಬೇಡ.

ಬ್ರಶ್_ಮಾವ

ನಾನು ಮೊದಲೇ ಹೇಳಿದ್ದೆ, ಬ್ರಶ್ ಅಂತ.

ಕಾಫಿಕಣ

ನನಗೆ ಈಗ ನಿಜವಾಗಿಯೂ ಸಿಟ್ಟು ಬರುತ್ತಿದೆ. ದುಡ್ಡು ಕೊಟ್ಟು ಮಾಡಿಸಿದ ಪ್ರಿಂಟು. ಒಂದು ತೂತು ಬಿಡಲು ಏನು ಕಷ್ಟ ಇತ್ತು ಅವರಿಗೆ? ಅಕ್ಕ, ಇದನ್ನು ಉಳಿಸಬಹುದಾ, ಬಿಸಾಡಬೇಕಾ? ಹೊಸದು ತರಿಸಲು ಸಮಯ ಇಲ್ಲ.

ರೆಸಿನ್_ರಾಣಿ

ಬಿಸಾಡಬೇಡಿ, ಖಂಡಿತ ಉಳಿಯುತ್ತದೆ. ನಿಧಾನ ಮಾಡಿ.

ಕೈಗೆ ನೈಟ್ರೈಲ್ ಗ್ಲೌಸ್ ಹಾಕಿ. ಹಸಿ ರೆಸಿನ್ ಚರ್ಮಕ್ಕೆ ತಾಗಬಾರದು. ಕೆಲವರಿಗೆ ತುರಿಕೆ ಶುರುವಾದರೆ ಆಮೇಲೆ ಪ್ರತಿ ಸಲವೂ ಬರುತ್ತದೆ. ಕಿಟಕಿ ತೆಗೆದಿರಲಿ. ಕಣ್ಣಿಗೆ ಕನ್ನಡಕ ಹಾಕಿ, ಕೊರೆದ ಕೂಡಲೇ ಚಿಮ್ಮುವುದೂ ಉಂಟು. ಮಕ್ಕಳು, ನಾಯಿ ಹತ್ತಿರ ಬೇಡ.

ಹಲ್ ಅಡಿಯಲ್ಲಿ, ಬೇಸ್ ಕಡೆಗೆ ತಿರುಗುವ ಮೈಯಲ್ಲಿ, ಕೈ ಡ್ರಿಲ್‌ನಿಂದ 3 ಮಿ.ಮೀ. ತೂತು ಎರಡು ಹಾಕಿ. ಒಂದು ಮುಂದೆ, ಒಂದು ಹಿಂದೆ. ಒಂದೇ ಹಾಕಿದರೆ ಗಾಳಿ ಒಳಗೆ ಹೋಗುವುದಿಲ್ಲ, ರೆಸಿನ್ ಹೊರಗೆ ಬರುವುದಿಲ್ಲ. ಕೊರೆಯುವಾಗ ಒತ್ತಬೇಡಿ, ಬಿರುಕು ಬಿಟ್ಟ ಗೋಡೆ ಒಡೆಯುತ್ತದೆ. ಹಳೆಯ ಗಾಜಿನ ಬಾಟಲಿಯ ಮೇಲೆ ಓರೆಯಾಗಿ ಇಟ್ಟು ರಾತ್ರಿಯಿಡೀ ಬಸಿಯಲು ಬಿಡಿ. ರೆಸಿನ್ ಜೇನಿನ ಹಾಗೆ ಮಂದ ಇರುತ್ತದೆ, ನಮ್ಮ ಈ ಚಳಿಗೆ ಇನ್ನೂ ನಿಧಾನ.

ಆಮೇಲೆ ತೊಳೆಯುವುದು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಸಿಗುತ್ತದೆ. ಮೆಡಿಕಲ್‌ನಿಂದ ಸಿರಿಂಜ್ ತನ್ನಿ. ಒಂದು ತೂತಿನಿಂದ ಐಪಿಎ ಒಳಗೆ ಬಿಡಿ, ಎರಡನ್ನೂ ಬೆರಳಿನಲ್ಲಿ ಮುಚ್ಚಿ ಅಲ್ಲಾಡಿಸಿ, ಹೊರಗೆ ಸುರಿಯಿರಿ. ಬಂದದ್ದು ತಿಳಿಯಾಗುವ ತನಕ ಮಾಡಿ. ಆದರೆ ಹಲ್ ಅನ್ನು ಐಪಿಎಯಲ್ಲಿ ಮುಳುಗಿಸಿ ಗಂಟೆಗಟ್ಟಲೆ ಇಡಬೇಡಿ, ರೆಸಿನ್ ಮೆತ್ತಗಾಗಿ ಒಡೆಯುತ್ತದೆ. ಇದಕ್ಕೂ ಬೆಂಕಿ ಹತ್ತಿರ ಇರಬಾರದು. ಹೊರಮೈಯ ಅಂಟು ಜಾಗದ ಬಣ್ಣವನ್ನೂ ಇದೇ ಐಪಿಎ ಹಚ್ಚಿದ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಪೂರ್ತಿ ಆರಿದ ಮೇಲೆ ಒಳಗೆ ಬೆಳಕು ಬಿಡಬೇಕು. ಆರದೆ ಮಾಡಬೇಡಿ. 405 ನ್ಯಾನೋಮೀಟರಿನ 3 ಮಿ.ಮೀ. ಎಲ್‌ಇಡಿ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಎರಡು ತೆಳ್ಳನೆ ತಂತಿಗೆ ಬೆಸುಗೆ ಹಾಕಿ, 3 ವೋಲ್ಟಿನ ಗುಂಡಿ ಬ್ಯಾಟರಿಗೆ ಜೋಡಿಸಿ, ತೂತಿನಿಂದ ಒಳಗೆ ತೂರಿಸಿ. ತೂತು ಬಿಗಿಯಾದರೆ ಸ್ವಲ್ಪ ಅಗಲ ಮಾಡಿ. ಆ ಕಡೆ ಈ ಕಡೆ ಸರಿಸುತ್ತಾ ಬಿಡಿ. ಬೆಳಕನ್ನು ನೇರ ನೋಡಬೇಡಿ. ಹೊರಮೈಗೆ ಉಗುರಿನ ಜೆಲ್ ಒಣಗಿಸುವ ಯುವಿ ಲ್ಯಾಂಪ್ ಸಾಕು. ಮಳೆಗಾಲದಲ್ಲಿ ಬಿಸಿಲನ್ನು ನಂಬಿ ಕೂರುವುದಕ್ಕಿಂತ ಅದು ವಾಸಿ. ಕೊನೆಗೆ ಬಿರುಕಿಗೂ ತೂತಿಗೂ ಎಂ-ಸೀಲ್ ತುಂಬಿ, ಮರಳು ಕಾಗದ ಉಜ್ಜಿ, ಆಮೇಲೆ ಪ್ರೈಮರ್.

ಒಂದು ಮಾತು ಜೋರಾಗಿ ಹೇಳುತ್ತೇನೆ. ಬಸಿದ ರೆಸಿನ್, ತೊಳೆದ ಐಪಿಎ ಯಾವುದನ್ನೂ ಬಚ್ಚಲಿಗೆ, ತೋಡಿಗೆ, ತೋಟಕ್ಕೆ ಸುರಿಯಬೇಡಿ. ನಮ್ಮ ತೋಡಿನ ನೀರೆಲ್ಲ ಕೊನೆಗೆ ಕಾವೇರಿಗೇ ಹೋಗುವುದು. ಅಗಲದ ಪಾತ್ರೆಯಲ್ಲಿ ಹಾಕಿ, ಮಕ್ಕಳಿಗೆ ಸಿಗದ ಕಡೆ, ಬಯಲಲ್ಲಿ ಇಡಿ. ಐಪಿಎ ಆರಿ ಹೋಗುತ್ತದೆ, ರೆಸಿನ್ ಬೆಳಕಿಗೆ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದನ್ನು ಕಸಕ್ಕೆ ಹಾಕಬಹುದು.

ಡೈಮ್ಲರ್_ಪ್ರೇಮಿ

ಹಲ್ ಹೇಗೂ ಬಿಚ್ಚುತ್ತೀರಿ, ಆಗಲೇ ಲಿಟಲ್‌ಜಾನ್ ಕತ್ತರಿಸಿಬಿಡಿ.

ಕಾಫಿಕಣ

ತೂತು ಹಾಕಿದೆ. ಅಕ್ಕ ಹೇಳಿದ್ದು ಅಕ್ಷರಶಃ ನಿಜ. ಬೂದು ದ್ರವ ಸುರಿಯಿತು, ಘಾಟು ವಾಸನೆ. ರಾತ್ರಿ ಬಸಿದು, ತೊಳೆದು, ಒಣಗಿಸಿ ತೂಗಿದರೆ 23 ಗ್ರಾಂ. ಎಡಗಡೆ ಹಿಂದಿನ ಚಕ್ರದ ಮೇಲೆ ಬಿರುಕು ಈಗ ಕಣ್ಣಿಗೆ ಕಾಣುತ್ತಿದೆ. ಎಲ್‌ಇಡಿ ತರಲು ಮಡಿಕೇರಿಗೆ ಹೋಗಬೇಕು. ಎರಡು ದಿನದಿಂದ ಕರೆಂಟ್ ಇಲ್ಲ, ಲ್ಯಾಂಪ್ ಹಚ್ಚಲು ಆಗಿಲ್ಲ.

ಇನ್ನೊಂದು. ಚಕ್ರ ಸಿಕ್ಕಿಸಿ ಟೇಬಲ್ ಮೇಲೆ ಇಟ್ಟರೆ ಮುಂದಿನ ಬಲ ಚಕ್ರ ನೆಲಕ್ಕೆ ತಾಗುವುದಿಲ್ಲ. ಮೊದಲು ಹೀಗೆ ಇರಲಿಲ್ಲ.

ರೆಸಿನ್_ರಾಣಿ

ಗೋಡೆ ಕುಗ್ಗಿದ ಮೇಲೆ ಹಲ್ ಸ್ವಲ್ಪ ತಿರುಚಿಕೊಂಡಿದೆ. ಎಲ್‌ಇಡಿ ಹಾಕಿ ಪೂರ್ತಿ ಗಟ್ಟಿ ಮಾಡುವ ಮೊದಲೇ ಸರಿಮಾಡಿ, ಆಮೇಲೆ ಬಗ್ಗುವುದಿಲ್ಲ. ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಗಾಜಿನ ಮೇಲೆ ಮೆಲ್ಲಗೆ ಒತ್ತಿ ಹಿಡಿದು ತಣ್ಣೀರು ಹಾಕಿ. ಬಿರುಕಿನ ಕಡೆಗೆ ಬಗ್ಗಿಸಬೇಡಿ. ಅದಕ್ಕೂ ಬಾರದಿದ್ದರೆ ಬಿಡಿ, ಬೇಸ್ ಮೇಲೆ ಅಂಟಿಸುವಾಗ ಆ ಚಕ್ರದ ಕೆಳಗೆ ಮಣ್ಣು ಏರಿಸಿ.

ಗೋಣಿಕೊಪ್ಪ_28

ಬೇಸ್ ಮಾಡುವಾಗ ನನ್ನದೊಂದು ಮಾತು. ನಮ್ಮ ತೋಟದ ಕೆಂಪು ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಬಾಣಲೆಯಲ್ಲಿ ಹುರಿದು ತೇವ ತೆಗೆದು ಬಳಸುತ್ತೇನೆ. ಒಣಗಿದ ಸಿಲ್ವರ್ ಓಕ್ ಎಲೆಯನ್ನು ಪುಡಿ ಮಾಡಿದರೆ ಕಾಡಿನ ತರಗೆಲೆ. ತೆಂಗಿನ ನಾರು ಹುಲ್ಲು. ಆರಡಿಗೆ ನಾಲ್ಕಡಿ ಟೇಬಲ್, ಪೂರ್ತಿ ಅರಕಾನ್ ಕಾಡು. ಒಂದೂ ದುಡ್ಡು ಕೊಟ್ಟು ತಂದದ್ದಲ್ಲ. ಫೋಟೊ ಹಾಕುತ್ತಿದ್ದೇನೆ.

ನಿವೃತ್ತ_ಸುಬೇದಾರ್

ಟೇಬಲ್ ಸೊಗಸಾಗಿದೆ. ಆದರೆ ಮೈಕ್ಟೀಲಾಕ್ಕೆ ಇದು ಬೇಡ. ಮೈಕ್ಟೀಲಾ ಇರುವುದು ಮಧ್ಯ ಬರ್ಮಾದ ಒಣ ಬಯಲಿನಲ್ಲಿ. ಧೂಳು, ಕುರುಚಲು ಗಿಡ, ಕೆರೆ. ಅದಕ್ಕೇ ಅಲ್ಲಿ ಟ್ಯಾಂಕು, ಕಾರು ಓಡಾಡಲು ಆಯಿತು. ದಟ್ಟ ಕಾಡು ಅರಕಾನ್ ಕಡೆಯದ್ದು. ಕಾಫಿಕಣರು ಕಾರಿಗೆ ಕೆಸರು ಬಳಿಯಬೇಡಿ, ಧೂಳು ಹಾಕಿ. ಮೈಕ್ಟೀಲಾ ನಮ್ಮವರ ಕೈಗೆ ಬಂದದ್ದು ಮಾರ್ಚ್ ಮೊದಲಲ್ಲಿ, ಅಲ್ಲಿ ಅದು ಬೇಸಿಗೆ.

ಡೈಮ್ಲರ್_ಪ್ರೇಮಿ

ಸರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಮೇಲ್ಮೈಗೆ ಕಡು ಹಸಿರು. ಅದರ ಮೇಲೆ ತಿಳಿ ಕಂದು ಧೂಳು ಕೆಳಗಿನಿಂದ ಮೇಲಕ್ಕೆ ತೆಳುವಾಗುತ್ತಾ ಹೋಗಲಿ. ಆಟದಲ್ಲಿ ಇದನ್ನು ಟ್ಯಾಂಕಿನ ಹಾಗೆ ಮುಂದೆ ನುಗ್ಗಿಸಬೇಡಿ. 16 ಮಿ.ಮೀ. ತಗಡಿಗೆ ಜಪಾನಿಗಳ 37 ಮಿ.ಮೀ. ತೋಪೂ ಸಾಕು. ಕಾಲಾಳುಗಳ ಮುಂದೆ ಓಡಿಸಿ, ಬೆಸಾ ಮೆಷಿನ್‌ಗನ್‌ನಿಂದ ಹೊಡೆದು, ಹಿಂದಕ್ಕೆ ತನ್ನಿ. ಹಿಮ್ಮುಖ ಚಲನೆಗೆ ನಿಮ್ಮ ನಿಯಮದಲ್ಲಿ ಅರ್ಧ ವೇಗ ಇದ್ದರೆ ಡೈಮ್ಲರಿಗೆ ಪೂರ್ತಿ ವೇಗ ಕೊಡಿ. ಅದು ಈ ಗಾಡಿಗೆ ಸಲ್ಲಬೇಕಾದದ್ದು.

ಬ್ರಶ್_ಮಾವ

ಭಾರತದ್ದೇ ಗಾಡಿ ಬೇಕು ಅನ್ನುವವರು ಮುಂದಿನ ಸಲ ಇಂಡಿಯನ್ ಪ್ಯಾಟರ್ನ್ ಕ್ಯಾರಿಯರ್ ಅನ್ನುವ ಚಕ್ರದ ಆರ್ಮರ್ಡ್ ಗಾಡಿ ಮಾಡಿ. ಕೆನಡಾದ ಫೋರ್ಡ್ ಚಾಸಿಸ್, ತಗಡು ಟಾಟಾದ್ದು. ಟಾಟಾನಗರ ಅಂತಲೇ ಅದಕ್ಕೆ ಹೆಸರು. ಪೂರ್ತಿ ಚಪ್ಪಟೆ ತಗಡು. ಒಂದು ಮಿ.ಮೀ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮನೆಯಲ್ಲೇ ಜೋಡಿಸಬಹುದು. ಪ್ರಿಂಟರ್ ಬೇಡ, ಒಳಗೆ ರೆಸಿನ್ ನಿಲ್ಲುವ ತಲೆನೋವೂ ಇಲ್ಲ. ನಕ್ಷೆ ಬೇಕಾದವರು ಕೇಳಿ, ಹೊಸ ಚರ್ಚೆ ತೆರೆಯುತ್ತೇನೆ.

ಕುಶಾಲನಗರ_ಕಮಾಂಡರ್

ತೆರೆಯಿರಿ ಮಾವ, ನನಗೂ ಬೇಕು.

ಹಾರಂಗಿ_ಹಂಬರ್

ನಡುವೆ ಬಂದೆ. ನನ್ನ ಹಂಬರ್ ಮಾರ್ಕ್ 4 ಆರ್ಮರ್ಡ್ ಕಾರ್ ಕೂಡ ಮೈಸೂರಿನ ಪ್ರಿಂಟೇ. ಅಡಿಯಲ್ಲಿ ತೂತು ಇಲ್ಲ. ಇನ್ನೂ ಅಂಟು ಬಂದಿಲ್ಲ, ಬಣ್ಣ ಗಟ್ಟಿಯಾಗಿ ಕೂತಿದೆ. ಈಗಲೇ ಕೊರೆಯಬೇಕಾ, ಬಂದ ಮೇಲೆ ನೋಡಿದರೆ ಆಗುತ್ತದಾ? ಬೇಸ್‌ಗೆ ಅಂಟಿಸಿ ಆಗಿದೆ.

ರೆಸಿನ್_ರಾಣಿ

ಈಗಲೇ ಕೊರೆಯಿರಿ. ಬಿರುಕು ಬಿಟ್ಟ ಮೇಲೆ ಬಣ್ಣವೂ ಹೋಗುತ್ತದೆ, ಹಲ್ ಕೂಡ ತಿರುಚುತ್ತದೆ. ಬೇಸ್ ಕೀಳಬೇಡಿ. ಟರೆಟ್ ಎತ್ತಿದರೆ ಕೆಳಗೆ ಚಪ್ಪಟೆ ಜಾಗ ಇರುತ್ತದೆ, ಅಲ್ಲಿ ಎರಡು ತೂತು ಹಾಕಿ, ಗಾಡಿಯನ್ನು ತಲೆಕೆಳಗೆ ಮಾಡಿ ಬಸಿಯಿರಿ. ಟರೆಟ್ ಮತ್ತೆ ಕೂತರೆ ಯಾರಿಗೂ ಕಾಣುವುದಿಲ್ಲ. ಒಳಗಿಂದ ಏನೂ ಬಾರದಿದ್ದರೆ ಅದು ಗಟ್ಟಿ ಪ್ರಿಂಟ್, ಎಂ-ಸೀಲ್ ತುಂಬಿ ಮುಚ್ಚಿಬಿಡಿ.